ಮಗುವಿನ ಷಡ್ಜ ಯಾವ ಮನೆ?

ಚಾಮರಾಜನಗರ, ಗುಂಡ್ಲುಪೇಟೆಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಾವು ಗಾಯನ ಪರೀಕ್ಷೆಯಲ್ಲಿ ಹಾರ್ಮೋನಿಯಂ ಶ್ರುತಿಯನ್ನು ಕದಲಿಸದೆ ಎಲ್ಲ ಮಕ್ಕಳನ್ನೂ ಹಾಡಿಸುವುದು ಸರಿಯಲ್ಲ. ಐದು ಮನೆ ಶ್ರುತಿಯಲ್ಲಿ ಸಲೀಸಾಗಿ ಹಾಡುವ ಹುಡುಗಿಯ ಹಿಂದೆಯೇ ಗಂಟಲು ಒಡೆಯುತ್ತಿರುವ ಒಂಬತ್ತನೆಯ ತರಗತಿಯ ಹುಡುಗ ನಿಂತಿರುತ್ತಾನೆ. ಸ್ವರಜ್ಞಾನವಿದ್ದೂ ತಾರಸ್ಥಾಯಿ ಎಟುಕದೆ ಅವನ ಅಂಕ ಹೋಗುತ್ತದೆ.

ಪಿಯಾನೊ ನುಡಿಸುವವರು ಶ್ರುತಿ ಬದಲಾದರೆ ಸ್ವರಲಿಪಿಯನ್ನೇ ಬೇರೆ ಬರೆದುಕೊಳ್ಳಬೇಕಾದೀತು. ನಮ್ಮ ಸರಿಗಮ ಬರಹ ಹಾಗೆಯೇ ಇರುತ್ತದೆ, ಬದಲಾಗುವುದು ಬೆರಳು. ಷಡ್ಜವನ್ನು ಒಂದನೆಯ ಬಿಳಿ ಮನೆಯಿಂದ ಎರಡನೆಯದಕ್ಕೆ ಸರಿಸಿದರೆ ಶಂಕರಾಭರಣದ ಗಾಂಧಾರ, ನಿಷಾದಗಳು ಕಪ್ಪು ಮನೆಗೆ ಬೀಳುತ್ತವೆ. ಇದನ್ನು ರೂಢಿಸಿಕೊಳ್ಳಬಹುದು, ಸ್ಕೇಲ್ ಚೇಂಜರ್ ಪೆಟ್ಟಿಗೆಯೇ ಬೇಕೆಂದು ಮುಖ್ಯೋಪಾಧ್ಯಾಯರನ್ನು ಕಾಡಬೇಕಿಲ್ಲ.

ಅಂಕಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಆ ಮಗುವಿನ ಮನೆ ಬರೆಯಲು ಒಂದು ಕಲಂ ಇರಲಿ, ಪರೀಕ್ಷೆಗೆ ವಾರ ಮೊದಲೇ ಅದು ತುಂಬಿರಲಿ.