ಮೊದಲು ಕಾರ್ಡ್ ನೋಡಿ, ಆಮೇಲೆ ಮಾಡ್ಯೂಲ್ ಕೊಳ್ಳಿ

ಮಿನಿ ಪ್ರಾಜೆಕ್ಟ್ ಬಂತೆಂದರೆ ಪ್ರತಿ ಬ್ಯಾಚಿನಲ್ಲೂ ಒಂದಾದರೂ ಎನ್‌ಎಫ್‌ಸಿ ಹಾಜರಾತಿ ಇದ್ದೇ ಇರುತ್ತೆ. ಎಲ್ಲರ ಬ್ರೆಡ್‌ಬೋರ್ಡ್ ಪಕ್ಕದಲ್ಲೂ ಅದೇ ನೀಲಿ ಆರ್‌ಸಿ522. ಯಾಕೆ ಇದೇ ಅಂತ ಕೇಳಿದರೆ, "ಸೀನಿಯರ್ಸ್ ಇದನ್ನೇ ಹಾಕಿದ್ರು, ಅಗ್ಗ" ಅನ್ನೋ ಉತ್ತರ.

ನಾವೂ ಹಾಗೇ ತಗೊಂಡೆವು. ಐಡಿ ಕಾರ್ಡ್ ಹಿಡಿದರೆ ಒಂದು ಸದ್ದೂ ಇಲ್ಲ. ವೈರ್ ಬದಲಿಸಿದೆವು, ಲೈಬ್ರರಿ ಬದಲಿಸಿದೆವು. ರೂಪನಗುಡಿಯಿಂದ ದಿನಾ ಬಸ್ಸಿಗೆ ಬರೋ ಗೆಳೆಯ ಎರಡು ರಾತ್ರಿ ಹಾಸ್ಟೆಲ್‌ನಲ್ಲೇ ಉಳಿದ. ಕೊನೆಗೆ ಗೊತ್ತಾಗಿದ್ದು: ನಮ್ಮ ಕಾರ್ಡ್ 125 ಕಿಲೋಹರ್ಟ್ಸ್‌ನದು, ಆರ್‌ಸಿ522 ಓದೋದು 13.56 ಮೆಗಾಹರ್ಟ್ಸ್‌ನದು. ಮಾಡ್ಯೂಲ್ ಸರಿಯಾಗೇ ಇತ್ತು, ಆಯ್ಕೆ ತಪ್ಪಿತ್ತು.

ಅದಕ್ಕೇ ನಮ್ಮ ಮಾತು: ಕೊಳ್ಳೋ ಮೊದಲು ಎನ್‌ಎಫ್‌ಸಿ ಇರೋ ಫೋನಿನ ಬೆನ್ನಿಗೆ ಕಾರ್ಡ್ ಹಿಡಿದು ನೋಡಿ. ಫೋನ್ ಗುರುತಿಸಿದರೆ ಅದು 13.56. ಗುರುತಿಸದಿದ್ದರೆ ಬಹುತೇಕ 125, ಅದಕ್ಕೆ ಇಎಂ-18 ಥರದ ರೀಡರ್ ಬೇಕು.

ಬರೀ ಟ್ಯಾಗ್ ನಂಬರ್ ಓದಿ ಎಲ್‌ಇಡಿ ಹೊತ್ತಿಸೋಕೆ ಆರ್‌ಸಿ522 ಸಾಕು. ಆದರೆ ಅದು 3.3 ವೋಲ್ಟಿನದು, ಊನೋದ 5 ವೋಲ್ಟ್ ಪಿನ್ನಿಗೆ ಕೊಡಬೇಡಿ. ಫೋನ್ ಜೊತೆ ಮಾತಾಡಬೇಕು, ಮಾಡ್ಯೂಲೇ ಕಾರ್ಡಿನಂತೆ ನಟಿಸಬೇಕು ಅಂದರೆ ಪಿಎನ್532 ತಗೊಳ್ಳಿ. ಐ2ಸಿ, ಎಸ್‌ಪಿಐ, ಯುಎಆರ್‌ಟಿ ಮೂರೂ ಅದಕ್ಕೆ ಬರುತ್ತವೆ. ಲ್ಯಾಪ್‌ಟಾಪಿಗೇ ಜೋಡಿಸೋದಾದರೆ ಎಸಿಆರ್122ಯು ಥರದ ಯುಎಸ್‌ಬಿ ರೀಡರ್ ಇದೆ. ಐಎಸ್‌ಒ 15693 ಟ್ಯಾಗ್‌ಗಳನ್ನು ಈ ಯಾವುದೂ ಓದಲ್ಲ, ಅದಕ್ಕೆ ಪಿಎನ್5180 ನೋಡಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ನಮ್ಮ ಹಾಜರಾತಿ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚಿನವು ಕಾರ್ಡಿನ ಯುಐಡಿ ಒಂದನ್ನೇ ನಂಬುತ್ತವೆ. ಯುಐಡಿಯನ್ನೇ ತಿದ್ದಿ ಬರೆಯಬಹುದಾದ ಕಾರ್ಡ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಮೈಫೇರ್ ಕ್ಲಾಸಿಕ್‌ನ ಕ್ರಿಪ್ಟೊ-1 ಗೂಢಲಿಪಿಯನ್ನು ಸಂಶೋಧಕರು 2008ರಲ್ಲೇ ಮುರಿದು ತೋರಿಸಿದ್ದಾರೆ. ಬಹಳಷ್ಟು ಫೋನ್‌ಗಳು ಕಾರ್ಡಿನಂತೆ ವರ್ತಿಸುವಾಗ ಪ್ರತಿ ಸಲ ಬೇರೆ ಯುಐಡಿ ಕೊಡುತ್ತವೆ. ಅಂದಮೇಲೆ ಪ್ರಾಕ್ಸಿ ತಡೆಯೋಕೆ ಮಾಡಿದ ಯಂತ್ರವೇ ಪ್ರಾಕ್ಸಿ ಹಾಕೋಕೆ ದಾರಿ ಮಾಡಿಕೊಟ್ಟಂತಾಯ್ತು! ಎಇಎಸ್ ಇರೋ ಡೆಸ್‌ಫೈರ್‌ನಂಥ ಕಾರ್ಡ್ ಬಳಸಿ, ಇಲ್ಲವೇ "ಇದು ಬರೀ ಡೆಮೊ" ಅಂತ ರಿಪೋರ್ಟಿನಲ್ಲಿ ಪ್ರಾಮಾಣಿಕವಾಗಿ ಬರೆಯಿರಿ. ವೈವಾದಲ್ಲಿ "ಕಾರ್ಡ್ ಬಂದ ಮಾತ್ರಕ್ಕೆ ಹುಡುಗ ಬಂದ ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದರೆ ತಲೆ ತಗ್ಗಿಸೋದು ತಪ್ಪುತ್ತೆ.

ಕೊನೆಗೊಂದು ಬೇಡಿಕೆ. ಪ್ರತಿ ಲ್ಯಾಬಿನಲ್ಲೂ ಒಂದು ಇಎಂ-18, ಒಂದು ಆರ್‌ಸಿ522, ಒಂದು ಪಿಎನ್532 ಪರೀಕ್ಷೆಗೆ ಅಂತ ಇರಲಿ. ಪ್ರಾಜೆಕ್ಟ್ ಮುಗಿಸಿದ ತಂಡಗಳು ಬೀರುವಿನಲ್ಲಿ ಕೊಳೆಯಿಸೋ ಬದಲು ಅಲ್ಲಿಗೇ ಕೊಟ್ಟು ಹೋಗಲಿ. ನಮ್ಮ ಆರ್‌ಸಿ522 ಕೊಡೋಕೆ ನಾವು ತಯಾರು. ಮುಂದಿನ ಬ್ಯಾಚಿನ ಹುಡುಗರು ಸಂಜೆ ಬಸ್ಸಿಗೆ ಊರು ಸೇರಲಿ.