ಸ್ಕ್ಯಾನರ್ ಕೆಟ್ಟಿಲ್ಲ, ಡ್ರೈವರ್ ಇಲ್ಲ

ದಾವಣಗೆರೆಯ ನಮ್ಮ ಅಂಗಡಿಗೆ ರಿಪೇರಿಗೆಂದು ಬರುವ ಸ್ಕ್ಯಾನರ್‌ಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ದೀಪ ಹೊತ್ತುತ್ತದೆ, ಮೋಟಾರು ಓಡುತ್ತದೆ, ಗಾಜಿನ ಮೇಲೆ ಗೀರೂ ಇರುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ಮೇಲೆ ಹೊಸ ಕಂಪ್ಯೂಟರ್ ಕೊಂಡವರು ಇಂಥವನ್ನು ಚೀಲದಲ್ಲಿ ಹೊತ್ತು ತರುತ್ತಾರೆ. ಇಲ್ಲದಿರುವುದು ಡ್ರೈವರ್, ಅಂದರೆ ಯಂತ್ರದೊಡನೆ ಮಾತಾಡಲು ಕಂಪ್ಯೂಟರ್‌ಗೆ ಬೇಕಾದ ತಂತ್ರಾಂಶ. ‘ಹೊಸದು ತಗೊಂಡುಬಿಡಿ’ ಎಂದರೆ ನನಗೆ ವ್ಯಾಪಾರ. ಆದರೆ ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಹಾಕಿಸುವುದು ಅನ್ಯಾಯ. ಅದೂ ಸುಲಭವಾಗಿ ತಪ್ಪಿಸಬಹುದಾದ ಅನ್ಯಾಯ.

ಯುಎಸ್‌ಬಿ ಕೇಬಲ್ ಚುಚ್ಚಿದ ಕೂಡಲೇ ಕಂಪ್ಯೂಟರ್ ಆ ಸಾಧನದ ಗುರುತು ಕೇಳುತ್ತದೆ. ಸಾಧನ 18 ಬೈಟ್‌ಗಳ ಪುಟ್ಟ ಉತ್ತರ ಕೊಡುತ್ತದೆ. ತಯಾರಿಸಿದವರ ಸಂಖ್ಯೆ, ಮಾದರಿಯ ಸಂಖ್ಯೆ ಅದರಲ್ಲೇ ಇರುತ್ತವೆ. ಅದು ಯಾವ ಬಗೆಯ ಸಾಧನ ಎಂದು ಹೇಳುವ ‘ಕ್ಲಾಸ್’ ಸಂಖ್ಯೆ ಅಲ್ಲೋ, ಹಿಂದೆಯೇ ಬರುವ ವಿವರದಲ್ಲೋ ಸಿಗುತ್ತದೆ. ವಿಂಡೋಸ್ ತನ್ನ ಬಳಿಯಿರುವ, ಡ್ರೈವರ್‌ಗಳ ವಿವರ ಹೊತ್ತ ಐಎನ್‌ಎಫ್ ಕಡತಗಳಲ್ಲಿ ಆ ಸಂಖ್ಯೆಗಳನ್ನು ಹುಡುಕುತ್ತದೆ. ಮಾದರಿಯ ಸಂಖ್ಯೆಯೇ ಹೊಂದುವ ಡ್ರೈವರ್ ಸಿಕ್ಕರೆ ಸಾಮಾನ್ಯವಾಗಿ ಅದಕ್ಕೇ ಮೊದಲ ಮಣೆ. ಇಲ್ಲದಿದ್ದರೆ ಆ ಬಗೆಯ ಸಾಧನಗಳಿಗೆಲ್ಲ ಹೊಂದುವ ಸಾಮಾನ್ಯ ಡ್ರೈವರ್ ಸಾಕು. ಲಿನಕ್ಸ್ ಕೂಡ ಇದನ್ನೇ ಬೇರೆ ಪಟ್ಟಿಯಿಟ್ಟುಕೊಂಡು ಮಾಡುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರನ್ನು ಇಬ್ಬರೂ ನೆಚ್ಚುವುದಿಲ್ಲ. (ಡ್ರೈವರ್ ಸಿಗದೆ ಒದ್ದಾಡುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವಿಐಡಿ, ಪಿಐಡಿ ಎಂಬ ಎರಡು ಸಂಖ್ಯೆ ನೋಡಿಕೊಂಡು ತಯಾರಕರ ತಾಣದಲ್ಲೇ ಹುಡುಕಿ. ‘ಉಚಿತ ಡ್ರೈವರ್’ ಎಂದು ಕರೆಯುವ ಕಂಡಕಂಡ ತಾಣಗಳಿಂದ ವೈರಸ್ ತುಂಬಿಸಿಕೊಂಡು ಬಂದವರನ್ನು ಬಹಳ ನೋಡಿದ್ದೇನೆ.)

ಯಾವ ಕಂಪನಿಯ ಪೆನ್‌ಡ್ರೈವ್ ಹಾಕಿದರೂ ನಡೆಯುವುದು ಹೇಗೆ? ಅದು ತನ್ನ ಕ್ಲಾಸ್ 08 ಎನ್ನುತ್ತದೆ. ಕೀಬೋರ್ಡ್, ಮೌಸ್ 03 ಎನ್ನುತ್ತವೆ. ಇವು ಹೇಗೆ ಮಾತಾಡಬೇಕು ಎಂಬ ನಿಯಮ ಎಲ್ಲರಿಗೂ ತೆರೆದಿದೆ. ತಯಾರಿಸಿದ ಕಂಪನಿ ನಾಳೆ ಬಾಗಿಲು ಹಾಕಿದರೂ ಕೀಬೋರ್ಡ್ ನಿಲ್ಲುವುದಿಲ್ಲ. ಹಳೆಯ ಸ್ಕ್ಯಾನರ್‌ಗಳಲ್ಲಿ ಬಹಳಷ್ಟು ಹೇಳುವುದು ಎಫ್‌ಎಫ್ ಎಂದು. ಅಂದರೆ ತಯಾರಕರ ಸ್ವಂತ ರೀತಿ, ಅವರ ಡ್ರೈವರ್‌ಗೆ ಮಾತ್ರ ತಿಳಿಯುವಂಥದ್ದು. ಆ ಡ್ರೈವರನ್ನು 32 ಬಿಟ್‌ಗೆ ಮಾತ್ರ ಬರೆದು ಕಂಪನಿ ಕೈತೊಳೆದುಕೊಂಡಿದ್ದರೆ ಮುಗಿಯಿತು. ವಿಂಡೋಸ್ 11 ಬರುವುದೇ 64 ಬಿಟ್ ಆಗಿ, 32 ಬಿಟ್ ಡ್ರೈವರ್ ಅದರಲ್ಲಿ ಓಡದು.

ಅದೇ ಸ್ಕ್ಯಾನರನ್ನು ಲಿನಕ್ಸ್‌ಗೆ ಹಾಕಿದರೆ ಕೆಲವೊಮ್ಮೆ ಏನೂ ಆಗಿಲ್ಲವೆಂಬಂತೆ ಪುಟ ತೆಗೆದುಕೊಡುತ್ತದೆ. ‘ಸೇನ್’ ಎಂಬ ಮುಕ್ತ ಯೋಜನೆಯ ಸ್ವಯಂಸೇವಕರ ಪುಣ್ಯ ಅದು. ಕಂಪನಿ ವಿವರ ಕೊಡದ ಕಡೆ, ಕೇಬಲ್‌ನಲ್ಲಿ ಹರಿಯುವ ದತ್ತಾಂಶವನ್ನೇ ಗಮನಿಸಿ ಅವರು ಡ್ರೈವರ್ ಬರೆದಿದ್ದಾರೆ. ಸಂಬಳವಿಲ್ಲದೆ ದುಡಿಯುವವರು ಇದನ್ನು ಮಾಡಬಲ್ಲರಾದರೆ, ನಮ್ಮಿಂದ ಹಣ ಪಡೆದ ಕಂಪನಿಗೆ ಒಂದು ಕೈಪಿಡಿ ಹೊರಗಿಡುವುದು ಭಾರವೇ?

ದಾರಿ ಈಗಾಗಲೇ ಇದೆ. ಪ್ರಿಂಟರ್‌ಗಳಲ್ಲಿ 2010ರಲ್ಲಿ ಬಂದ ಏರ್‌ಪ್ರಿಂಟ್, ಆಮೇಲೆ ಬಂದ ಐಪಿಪಿ ಎವೆರಿವೇರ್ ಎರಡಕ್ಕೂ ಕಂಪನಿಯ ಡ್ರೈವರ್ ಬೇಕಿಲ್ಲ. ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ 2023ರಲ್ಲಿ ಮೈಕ್ರೋಸಾಫ್ಟೇ ಹೇಳಿತು. ಸ್ಕ್ಯಾನರ್‌ಗೂ ಇಎಸ್‌ಸಿಎಲ್ ಎಂಬ ಅಂಥದೇ ವಿಧಾನವಿದೆ.

ಶಾಲೆ, ಗ್ರಾಮ ಪಂಚಾಯಿತಿ, ಗ್ರಂಥಾಲಯಗಳಿಗೆ ಯಂತ್ರ ಕೊಳ್ಳುವ ಅಧಿಕಾರಿಗಳು ಟೆಂಡರ್‌ನಲ್ಲಿ ಎರಡು ಷರತ್ತು ಸೇರಿಸಲಿ: ಕಂಪನಿಯ ಸ್ವಂತ ಡ್ರೈವರ್ ಇಲ್ಲದೆಯೂ ಯಂತ್ರ ನಡೆಯಬೇಕು, ಹಾಗಾಗದಿದ್ದರೆ, ಡ್ರೈವರ್ ಕೊಡುವುದು ನಿಲ್ಲಿಸಿದ ದಿನ ಅದರ ತಾಂತ್ರಿಕ ವಿವರ ಸಾರ್ವಜನಿಕವಾಗಬೇಕು. ನೀವೂ ಅಂಗಡಿಯಲ್ಲಿ ಹಣ ಎಣಿಸುವ ಮುಂಚೆ ‘ಇದು ಡ್ರೈವರ್ ಹಾಕದೆ ನಡೆಯುತ್ತದೆಯೇ?’ ಎಂದು ಕೇಳಿ. ಮಾರುವವರು ತಡವರಿಸಿದರೆ ಆ ಪೆಟ್ಟಿಗೆ ಅಲ್ಲೇ ಇರಲಿ.