ಖಾಸಗಿ ಪತ್ರಗಳೂ ಕಂಪನಿಯವರ ಕಣ್ಣೂ

ಒಬ್ಬರು ಇನ್ನೊಬ್ಬರಿಗೆ ಬರೆದ ಪತ್ರವನ್ನು ಮೂರನೆಯವನು ಒಡೆದು ಓದಬಾರದೆಂಬದು ನಮ್ಮ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಾದ ನೀತಿಯಲ್ಲ. ಅಕ್ಷರ ಬಾರದ ತಾಯಿಯು ಮಗನ ಪತ್ರವನ್ನು ಶಾಲೆಯ ಮಾಸ್ತರರಿಂದ ಓದಿಸಿಕೊಳ್ಳುತ್ತಿದ್ದ ಕಾಲದಲ್ಲಿಯೂ, ಓದಿದ ಮಾತನ್ನು ಕಟ್ಟೆಯ ಮೇಲೆ ಆಡಿದವನಿಗೆ ಊರಲ್ಲಿ ಮರ್ಯಾದೆ ಉಳಿಯುತ್ತಿರಲಿಲ್ಲ. ಟಪಾಲಿನವನು ಲಕೋಟೆಯನ್ನು ಹೊತ್ತು ತರುವವನೇ ಹೊರತು ಅದರ ಒಡೆಯನಲ್ಲ. ಇಂದು ನಮ್ಮ ಪತ್ರಗಳನ್ನು ಹೊತ್ತು ತರುವವರಲ್ಲಿ ಇ-ಮೇಲಿನ ಕಂಪನಿಯವರು ಮೊದಲಿಗರಾಗಿದ್ದಾರೆ. ಪತ್ರ ಬರೆದವರ ಮನಃಪೂರ್ವಕವಾದ ಸಮ್ಮತಿಯನ್ನು ಪಡೆಯದೆ ಪತ್ರದ ಒಳಗನ್ನು ಯಂತ್ರಗಳಿಂದ ಶೋಧಿಸುವ ಅಧಿಕಾರವು ಈ ಕಂಪನಿಯವರಿಗೆ ಎಲ್ಲಿಂದ ಬಂತೆಂಬದೇ ಇಂದಿನ ನಮ್ಮ ಪ್ರಶ್ನೆಯಾಗಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲೂಕುಗಳಿಗೆ ಈ ಮಾತಿನ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ಅಂಥವರು ಕಣ್ಣು ತೆರೆದು ಸುತ್ತಲೂ ನೋಡಲಿ. ಆಂಡ್ರಾಯ್ಡ್ ಫೋನನ್ನು ಕೊಂಡ ಒಕ್ಕಲಿಗನಿಗೂ ಗೂಗಲ್ ಕಂಪನಿಯ ಖಾತೆಯೊಂದು ಬೇಕಾಗುತ್ತದೆ. ಅದಿಲ್ಲದೆ ಆ ಕಂಪನಿಯ ಅಂಗಡಿಯಿಂದ ಒಂದು ಆಪ್ ಸಹ ಇಳಿಯದು. ಇಂಡಿಯ ಲಿಂಬೆಯ ವ್ಯಾಪಾರಿಯು ದೂರದ ಪೇಟೆಗೆ ಕಳಿಸುವ ದರಪಟ್ಟಿ, ಸಿಂದಗಿಯ ಪದವೀಧರನ ನೌಕರಿಯ ಅರ್ಜಿ, ಗೋವೆಗೋ ಪುಣೆಗೋ ದುಡಿಯಲು ಹೋದವನ ಬ್ಯಾಂಕಿನ ಲೆಕ್ಕ, ಇವೆಲ್ಲ ಇದೇ ದಾರಿಯಿಂದ ಹೋಗಿ ಬರುತ್ತವೆ. ಆಲಮಟ್ಟಿ ಜಲಾಶಯದ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಹೊಲ ಕಳೆದುಕೊಳ್ಳುವ ರೈತರಿದ್ದಾರೆ. ಎಷ್ಟು ಪರಿಹಾರಕ್ಕೆ ಒಪ್ಪಬೇಕು, ಎಲ್ಲಿ ಹಟ ಹಿಡಿಯಬೇಕು ಎಂದು ಅಂಥವನೊಬ್ಬನ ಮಗನು ವಕೀಲರಿಗೆ ಇ-ಮೇಲಿನಲ್ಲಿ ಬರೆದರೆ, ಆ ಪತ್ರವು ಅವನ ಮನೆತನದ ಅನ್ನದ ಪ್ರಶ್ನೆಯಾಗಿದೆ. ಅದನ್ನು ವಕೀಲರ ಹೊರತು ಮತ್ತಾರೂ ನೋಡತಕ್ಕದ್ದಲ್ಲ.

ಈಗ ನಡೆದ ಸಂಗತಿಗಳನ್ನು ನೋಡೋಣ. ಗೂಗಲ್ ಕಂಪನಿಯು 2004ರ ಏಪ್ರಿಲ್ 1ರಂದು ಜೀಮೇಲನ್ನು ಆರಂಭಿಸಿತು. ಯಾರಿಂದಲೂ ಕಾಸು ಬೇಡದೆ ಆಗಿನ ಕಾಲಕ್ಕೆ ಬಹು ದೊಡ್ಡದಾದ ಜಾಗವನ್ನು ಕೊಟ್ಟಿತು. ಆದರೆ ಪತ್ರಗಳೊಳಗಿನ ಶಬ್ದಗಳನ್ನು ಯಂತ್ರದಿಂದ ಓದಿಸಿ, ಅವುಗಳಿಗೆ ತಕ್ಕ ಜಾಹೀರಾತುಗಳನ್ನು ಪಕ್ಕದಲ್ಲಿ ತೋರಿಸಿ ಹಣ ಗಳಿಸಿತು. 13 ವರ್ಷ ಈ ವ್ಯವಹಾರವು ನಡೆಯಿತು. ಜಾಹೀರಾತಿಗಾಗಿ ಪತ್ರಗಳನ್ನು ಶೋಧಿಸುವದನ್ನು ಬಿಡುವೆವೆಂದು ಕಂಪನಿಯು ಸಾರಿದ್ದು 2017ರ ಜೂನ್ ತಿಂಗಳಲ್ಲಿ.

ಈ ನಡುವೆ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಕಂಪನಿಯ ಮೇಲೆ ಫಿರ್ಯಾದು ಆಯಿತು. ಜೀಮೇಲಿನ ಖಾತೆಯನ್ನೇ ತೆರೆಯದವರು ಸಹ ಫಿರ್ಯಾದುದಾರರಲ್ಲಿದ್ದರು. ನಾವು ಜೀಮೇಲಿನ ಒಬ್ಬ ಗೆಳೆಯನಿಗೆ ಪತ್ರ ಬರೆದ ಮಾತ್ರಕ್ಕೆ ನಮ್ಮ ಪತ್ರವನ್ನು ಶೋಧಿಸಲು ನಾವು ಯಾವಾಗ ಒಪ್ಪಿದೆವೆಂದು ಅವರು ಕೇಳಿದರು. ಇದಕ್ಕೆ ಕಂಪನಿಯ ವಕೀಲರು 2013ರಲ್ಲಿ ಕೊಟ್ಟ ಉತ್ತರವು ಲಕ್ಷ್ಯದಲ್ಲಿಡತಕ್ಕದ್ದು. ಒಬ್ಬ ವ್ಯಾಪಾರಸ್ಥನಿಗೆ ಪತ್ರ ಬರೆದವನು, ಅದನ್ನು ಆತನ ಸಹಾಯಕನು ಒಡೆದನೆಂದು ಆಶ್ಚರ್ಯಪಡಬಾರದಷ್ಟೆ. ಇದೂ ಹಾಗೆಯೇ ಎಂದು ಅವರ ವಾದ. ಸಹಾಯಕನನ್ನು ನೇಮಿಸಿದವನು ಪತ್ರದ ಒಡೆಯನು; ಸಂಬಳ ಕೊಡುವವನೂ ಅವನೇ, ತಪ್ಪಿದರೆ ತೆಗೆದುಹಾಕುವವನೂ ಅವನೇ. ಈ ಕಂಪನಿಯಾದರೋ ಪತ್ರವನ್ನು ಹೊರುವ ಹಮಾಲ. ಹಮಾಲನು ಮೂಟೆ ಬಿಚ್ಚಿ ನೋಡಿ, ನಾನೂ ಸೆಟ್ಟರ ಗುಮಾಸ್ತನಿದ್ದ ಹಾಗೆ ಎಂದರೆ ನಮ್ಮ ಪೇಟೆಯಲ್ಲಿ ಯಾರೂ ಒಪ್ಪಲಾರರು. ಮೊಕದ್ದಮೆಯನ್ನೇ ತೆಗೆದುಹಾಕಬೇಕೆಂಬ ಕಂಪನಿಯ ಕೋರಿಕೆಯನ್ನು ನ್ಯಾಯಾಧೀಶೆ ಲೂಸಿ ಕೋ ಅವರು 2013ರ ಸೆಪ್ಟೆಂಬರಿನಲ್ಲಿ ಬಹುಮಟ್ಟಿಗೆ ತಳ್ಳಿಹಾಕಿದರು. ಆದರೆ ಎಲ್ಲರನ್ನೂ ಒಂದೇ ಗುಂಪಾಗಿ ಮಾಡಿ ಮೊಕದ್ದಮೆ ನಡೆಸಲು 2014ರಲ್ಲಿ ಅದೇ ನ್ಯಾಯಾಲಯವು ಒಪ್ಪಲಿಲ್ಲ; ಯಾರು ಸಮ್ಮತಿಸಿದ್ದರು, ಯಾರು ಸಮ್ಮತಿಸಿರಲಿಲ್ಲವೆಂಬದನ್ನು ಒಬ್ಬೊಬ್ಬರ ವಿಷಯವಾಗಿಯೂ ಬೇರೆ ಬೇರೆ ನೋಡಬೇಕಾಗುವದೆಂದಿತು. ಸಮ್ಮತಿಯು ಒಬ್ಬೊಬ್ಬರದೂ ಬೇರೆಯಾದರೆ, ಅದನ್ನು ಒಬ್ಬೊಬ್ಬರಿಂದಲೂ ಕೇಳಿ ಪಡೆಯುವದು ಕಂಪನಿಯ ಹೊಣೆಯಲ್ಲವೇ?

ಯಾಹೂ ಕಂಪನಿಯ ಸಂಗತಿಯು ಇದಕ್ಕಿಂತ ಗಂಭೀರವಾದದ್ದು. ಅಮೇರಿಕೆಯ ಗುಪ್ತಚರ ಅಧಿಕಾರಿಗಳ ಬೇಡಿಕೆಯಂತೆ, ತನ್ನ ಗಿರಾಕಿಗಳಿಗೆ ಬರುವ ಎಲ್ಲ ಇ-ಮೇಲುಗಳನ್ನೂ ಜಾಲಾಡುವ ಯಂತ್ರಕ್ರಮವನ್ನು ಆ ಕಂಪನಿಯು 2015ರಲ್ಲಿ ಗುಟ್ಟಾಗಿ ಕಟ್ಟಿತ್ತೆಂದು ರಾಯ್ಟರ್ಸ್ ಸುದ್ದಿಸಂಸ್ಥೆಯು 2016ರ ಅಕ್ಟೋಬರಿನಲ್ಲಿ ವರದಿ ಮಾಡಿತು. ವರದಿಯು ತಪ್ಪು ತಿಳುವಳಿಕೆಗೆ ಎಡೆಮಾಡುವಂಥದೆಂದು ಕಂಪನಿಯವರು ಹೇಳಿದರು. ಮೊದಲು ಜಾಹೀರಾತಿಗಾಗಿ ಓದುವ ಕಣ್ಣು, ಮುಂದೆ ಸರಕಾರಕ್ಕಾಗಿಯೂ ಓದಬಲ್ಲದು. ಓದುವ ಯಂತ್ರವೊಂದು ಅಣಿಯಾಗಿ ಕುಳಿತಿದ್ದರೆ, ಅದನ್ನು ಯಾರ ಹೊಲಕ್ಕೆ ಹೂಡಬೇಕೆಂಬದು ಬಲವುಳ್ಳವನ ಇಚ್ಛೆಗೆ ಬಿಟ್ಟದ್ದು.

ಇದೆಲ್ಲ ಹಳೆಯ ಮಾತೆಂದು ಯಾರೂ ಸಮಾಧಾನ ತಾಳಬೇಕಾದುದಿಲ್ಲ. ಬಂದ ಪತ್ರದ ಸಾರಾಂಶ ಹೇಳುವ, ಉತ್ತರವನ್ನು ತಾನೇ ಸೂಚಿಸುವ ಜಾಣ ಸೌಕರ್ಯಗಳು ಈಗ ಇ-ಮೇಲಿನೊಳಗೆ ಬಂದಿವೆ. ಪತ್ರವನ್ನು ಯಂತ್ರವು ಓದದೆ ಸಾರಾಂಶವನ್ನು ಹೇಳಲಾರದು. ಗೂಗಲ್ ಕಂಪನಿಯ ಸ್ವಂತ ಸಹಾಯಪುಟದಲ್ಲಿಯೇ ಹೇಳಿರುವಂತೆ, ಯುರೋಪಿನ ಆರ್ಥಿಕ ಒಕ್ಕೂಟ, ಬ್ರಿಟನ್, ಸ್ವಿಟ್ಜರ್ಲೆಂಡ್ ಮತ್ತು ಜಪಾನ್ ದೇಶದವರಿಗೆ ಈ ಸೌಕರ್ಯಗಳು ಮೊದಲಿಗೆ ಮುಚ್ಚಿರುತ್ತವೆ, ಬೇಕಾದವನು ತೆರೆದುಕೊಳ್ಳಬೇಕು. ಈ ಪಟ್ಟಿಯಲ್ಲಿ ನಮ್ಮ ದೇಶದ ಹೆಸರಿಲ್ಲ. ಲಂಡನ್ನಿನವನನ್ನು ಕೇಳಿ ಮಾಡುವ ಕೆಲಸವನ್ನು ಇಂಡಿಯವನನ್ನು ಕೇಳದೆ ಮಾಡಬಹುದೆಂಬ ಭೇದವು ನಮಗೆ ಹೊಸದಲ್ಲ. ಅದನ್ನು ಸಹಿಸಿಕೊಳ್ಳುವದು ಮಾತ್ರ ಸ್ವತಂತ್ರ ಪ್ರಜೆಗಳಿಗೆ ಒಪ್ಪುವದಲ್ಲ.

ಸಮ್ಮತಿಯನ್ನು ಪಡೆದೇ ಇದ್ದೇವೆಂದು ಕಂಪನಿಯವರು ಹೇಳುತ್ತಾರೆ. ಆ ಸಮ್ಮತಿಯು ಹೇಗೆ ಹುಟ್ಟುತ್ತದೆಂಬದನ್ನು ನಮ್ಮ ವಾಚಕರು ಬಲ್ಲರು. ಬಸ್ ನಿಲ್ದಾಣದ ಬಳಿಯ ಮೊಬೈಲ್ ಅಂಗಡಿಯಲ್ಲಿ ಹೊಸ ಫೋನನ್ನು ಕೊಂಡವನ ಕೈಯಿಂದ ಅಂಗಡಿಯ ಹುಡುಗನು ಅದನ್ನು ತೆಗೆದುಕೊಂಡು, ಹೆಸರು ಕೇಳಿ, ಜನ್ಮ ತಾರೀಖು ಕೇಳಿ, ಪರದೆಯ ಮೇಲೆ ಬಂದ ಉದ್ದನ್ನ ಕರಾರುಪತ್ರಕ್ಕೆ ಕಣ್ಣು ಮಿಟುಕಿಸುವದರೊಳಗೆ 'ಒಪ್ಪಿದೆ' ಎಂದು ಒತ್ತಿಬಿಡುತ್ತಾನೆ. ಕರಾರನ್ನು ಹುಡುಗನೂ ಓದಲಿಲ್ಲ, ಕೊಂಡವನೂ ಓದಲಿಲ್ಲ. ಅದು ಇಂಗ್ಲಿಷಿನಲ್ಲಿದ್ದರಂತೂ ಓದಿಯೂ ತಿಳಿಯುವಂತಿರುವದಿಲ್ಲ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಯಿಸಿಕೊಂಡ ಸಾವಕಾರರ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಹೆಬ್ಬೆಟ್ಟಿಗೂ ಈ ಒತ್ತಿಗೂ ನಾವು ಹೆಚ್ಚಿನ ಅಂತರವನ್ನು ಕಾಣೆವು.

ಓದುವದು ಮನುಷ್ಯನಲ್ಲ, ಬರೀ ಯಂತ್ರ ಎಂಬದು ಕಂಪನಿಯವರ ಎರಡನೆಯ ಸಮರ್ಥನೆ. ಯಂತ್ರಕ್ಕೆ ಚಾಡಿ ಹೇಳುವ ಬಾಯಿಲ್ಲ ನಿಜ. ಆದರೆ ಅದು ಒಡೆಯನಿಗಾಗಿ ಓದುತ್ತದೆ, ಓದಿದ್ದನ್ನು ಮರೆಯುವದಿಲ್ಲ, ದಣಿಯುವದಿಲ್ಲ. ಒಬ್ಬ ಪೊಲೀಸನು ದಿನಕ್ಕೆ ಕೆಲವೇ ಪತ್ರಗಳನ್ನು ಒಡೆಯಬಲ್ಲನು. ಯಂತ್ರವು ಇಡೀ ಜಿಲ್ಲೆಯ ಪತ್ರಗಳನ್ನು ಕೆಲವೇ ನಿಮಿಷಗಳಲ್ಲಿ ಜಾಲಾಡಬಲ್ಲದು. ಪತ್ರಗಳು ದಾರಿಯಲ್ಲಿ ಗುಪ್ತಲಿಪಿಯಲ್ಲಿಯೇ ಹೋಗುತ್ತವೆಂಬದೂ ನಿಜವೇ. ಆದರೆ ಸಾಮಾನ್ಯ ಇ-ಮೇಲಿನಲ್ಲಿ ಬೀಗದ ಕೈ ಕಂಪನಿಯ ಹತ್ತಿರವೇ ಇರುತ್ತದೆ. ದಾರಿಯ ಕಳ್ಳನಿಗೆ ಚೀಲವು ಬಿಚ್ಚಲಾರದು, ಹೊತ್ತವನಿಗೆ ಬಿಚ್ಚುತ್ತದೆ.

ಪುಕ್ಕಟೆಯಾಗಿ ಕೊಡುತ್ತೇವಲ್ಲ ಎಂಬದು ಮೂರನೆಯ ಮಾತು. ಹಿಟ್ಟಿನ ಗಿರಣಿಯವನು ಜೋಳ ಬೀಸಿದ್ದಕ್ಕೆ ಕೂಲಿ ಕೇಳಲಿ, ಕೊಡೋಣ. ಕೂಲಿ ಬೇಡವೆಂದು ಹೇಳಿ, ಪ್ರತಿಯೊಂದು ಚೀಲದಿಂದ ನಮಗೆ ಕಾಣದಂತೆ ಹಿಟ್ಟು ತೆಗೆಯತೊಡಗಿದರೆ ಅದನ್ನು ಔದಾರ್ಯವೆನ್ನಲಾಗದು. ಆದರೆ ನಾವು ನ್ಯಾಯ ಬಿಟ್ಟು ಮಾತಾಡಬಯಸುವದಿಲ್ಲ. ಮೋಸದ ಪತ್ರಗಳನ್ನೂ ವೈರಸ್ಸುಗಳನ್ನೂ ತಡೆಯಲು ಯಂತ್ರವು ಜರಡಿ ಹಿಡಿಯುವದು ಅವಶ್ಯವೇ. ಅದು ಟಪಾಲು ವಿಂಗಡಿಸುವಂಥ ಕೆಲಸ, ಪತ್ರದ ಒಡೆಯನ ಹಿತಕ್ಕಾಗಿ ಆದದ್ದು. ಪತ್ರದೊಳಗಿನ ಸಂಗತಿಯನ್ನು ತಿಳಿದುಕೊಂಡು ಕಂಪನಿಯು ತನ್ನ ಲಾಭಕ್ಕೆ ಉಪಯೋಗಿಸುವದಕ್ಕೆ ನಮ್ಮ ವಿರೋಧವಿದೆ.

ಪತ್ರದ ಮರ್ಯಾದೆಯನ್ನು ಪರಕೀಯರ ಸರಕಾರವೂ ಕಾಗದದ ಮೇಲಾದರೂ ಮನ್ನಿಸಿತ್ತೆಂಬದು ನೆನಪಿರಲಿ. ಇಟಲಿಯ ದೇಶಭಕ್ತ ಮ್ಯಾಝಿನಿಯು ಲಂಡನ್ನಿನಲ್ಲಿ ದೇಶಭ್ರಷ್ಟನಾಗಿದ್ದಾಗ, 1844ರಲ್ಲಿ, ತನ್ನ ಪತ್ರಗಳನ್ನು ಯಾರೋ ಒಡೆಯುತ್ತಿದ್ದಾರೆಂದು ಸಂಶಯಪಟ್ಟು, ಲಕೋಟೆಗಳಲ್ಲಿ ಗಸಗಸೆಯ ಕಾಳುಗಳನ್ನೂ ಕೂದಲೆಳೆಗಳನ್ನೂ ಇಟ್ಟು ಪರೀಕ್ಷೆ ಮಾಡಿದನು. ಗುಟ್ಟು ಬಯಲಾಗಿ, ಗೃಹಮಂತ್ರಿ ಜೇಮ್ಸ್ ಗ್ರಹಾಮನು ಪಾರ್ಲಿಮೆಂಟಿನಲ್ಲಿ ತಲೆ ತಗ್ಗಿಸಬೇಕಾಯಿತು. ಅದೇ ಆಂಗ್ಲರು ನಮ್ಮ ದೇಶಕ್ಕಾಗಿ ಮಾಡಿದ 1898ರ ಅಂಚೆ ಕಾಯದೆಯ 26ನೆಯ ಕಲಮು, ಸಾರ್ವಜನಿಕ ತುರ್ತು ಮತ್ತು ಸುರಕ್ಷಿತತೆಯ ಹೆಸರಿನಲ್ಲಿ ಪತ್ರಗಳನ್ನು ತಡೆಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಆದರೆ ಅದೇ ಕಾಯದೆಯ 53ನೆಯ ಕಲಮಿನಲ್ಲಿ, ಕರ್ತವ್ಯಕ್ಕೆ ವಿರುದ್ಧವಾಗಿ ಪತ್ರವನ್ನು ಒಡೆದ ಅಂಚೆಯ ನೌಕರನಿಗೆ 2 ವರ್ಷದವರೆಗೆ ಸೆರೆಮನೆಯಿತ್ತು.

ಸ್ವರಾಜ್ಯದಲ್ಲಿಯೂ ಈ ಪ್ರಶ್ನೆಯು ಮೇಲಿಂದ ಮೇಲೆ ಎದ್ದಿದೆ. ಪತ್ರ ಒಡೆಯುವ ಅಧಿಕಾರವನ್ನು ಹಿಗ್ಗಿಸುವ ಮಸೂದೆಯೊಂದನ್ನು ಪಾರ್ಲಿಮೆಂಟು 1986ರಲ್ಲಿ ಒಪ್ಪಿದರೂ, ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗರು ಅಂಕಿತ ಹಾಕಲಿಲ್ಲ. ಅದು ಕಾಯದೆಯಾಗಲೇ ಇಲ್ಲ. ನಮ್ಮ ರಾಜ್ಯದಲ್ಲಿಯೇ ಟೆಲಿಫೋನು ಕದ್ದು ಕೇಳಿದ ಆಪಾದನೆಯ ಮೇಲೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಅಧಿಕಾರವನ್ನು ಬಿಟ್ಟರು. ಸರಕಾರವು ಕದ್ದು ಕೇಳಿತೆಂಬ ಮಾತಿಗೇ ಮುಖ್ಯಮಂತ್ರಿಯೊಬ್ಬರು ಇಳಿಯಬೇಕಾದ ನಾಡಿನಲ್ಲಿ, ಕಂಪನಿಯು ಓದಿದರೆ ಕೇಳುವವರಿಲ್ಲವೆಂದರೆ ಹೇಗೆ? ಅತ್ತ 2023ರ ಹೊಸ ಅಂಚೆ ಕಾಯದೆಯು 2024ರ ಜೂನ್ 18ರಿಂದ ಜಾರಿಗೆ ಬಂದು, ಒಡೆಯುವ ಅಧಿಕಾರವನ್ನು ಉಳಿಸಿಕೊಂಡು, ಒಡೆದ ನೌಕರನಿಗಿದ್ದ ಆ ಹಳೆಯ ಶಿಕ್ಷೆಯನ್ನು ಕೈಬಿಟ್ಟಿದೆ. ಇದು ಮುಂದಿಟ್ಟ ಹೆಜ್ಜೆಯೆಂದು ನಾವು ಹೇಳಲಾರೆವು.

ಆದರೂ ಪ್ರಜೆಯ ಕೈ ಬರಿದಾಗಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಮುಪ್ಪಿನ ವಯಸ್ಸಿನಲ್ಲಿ 2012ರಲ್ಲಿ ಹೂಡಿದ ಅರ್ಜಿಯಿಂದಲೇ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಕನ್ನಡಿಗರೊಬ್ಬರು ದೇಶಕ್ಕೆಲ್ಲ ಗಳಿಸಿಕೊಟ್ಟ ಹಕ್ಕು ಇದು. ಇದರ ಬೆನ್ನಿಗೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯದೆಯು ಬಂತು. ಸಮ್ಮತಿಯು ಮುಕ್ತವಾಗಿಯೂ, ನಿರ್ದಿಷ್ಟವಾಗಿಯೂ, ತಿಳಿದು ಕೊಟ್ಟದ್ದಾಗಿಯೂ ಇರತಕ್ಕದ್ದೆಂದೂ, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದೆಗೆಯಲು ಬರಬೇಕೆಂದೂ ಅದರ 6ನೆಯ ಕಲಮು ಹೇಳುತ್ತದೆ. ನಮಗೆ ಇನ್ನೂ ಮುಖ್ಯವಾದದ್ದೆಂದರೆ, ಸಮ್ಮತಿಯ ಸೂಚನೆಯನ್ನು ಇಂಗ್ಲಿಷಿನಲ್ಲಿಯಾಗಲಿ, ಸಂವಿಧಾನದ 8ನೆಯ ಅನುಸೂಚಿಯ ಯಾವದೇ ಭಾಷೆಯಲ್ಲಿಯಾಗಲಿ ಓದುವ ಆಯ್ಕೆಯನ್ನು ಕಂಪನಿಯು ಪ್ರಜೆಗೆ ಕೊಡತಕ್ಕದ್ದು. ಆ ಅನುಸೂಚಿಯಲ್ಲಿ ಕನ್ನಡವಿದೆ. ಕಾಯದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕಟ್ಟುಪಾಡುಗಳಿಗೆ 18 ತಿಂಗಳ ವಾಯಿದೆಯನ್ನು ಕೊಡಲಾಯಿತು. ವಾಯಿದೆ ಮುಗಿಯುವವರೆಗೆ ಕೈಕಟ್ಟಿ ಕುಳಿತರೆ, ಕಂಪನಿಯವರು ಹಳೆಯ 'ಒಪ್ಪಿದೆ'ಗೇ ಹೊಸ ಬಣ್ಣ ಬಳಿದು ಮುಂದೆ ಹಿಡಿಯುವರು.

ಅಪರಾಧಿಗಳನ್ನು ಹಿಡಿಯುವದು ಬೇಡವೇ ಎಂದು ಅಧಿಕಾರಿಗಳು ಕೇಳಬಹುದು. ಅವಶ್ಯವಾಗಿ ಹಿಡಿಯಲಿ. ಅದಕ್ಕಾಗಿ 2000ದ ಮಾಹಿತಿ ತಂತ್ರಜ್ಞಾನ ಕಾಯದೆಯ 69ನೆಯ ಕಲಮೂ, 2009ರ ನಿಯಮಗಳೂ ಇವೆ. ಕಾರಣವನ್ನು ಬರೆದಿಟ್ಟು ಲಿಖಿತ ಅಪ್ಪಣೆ ಮಾಡುವ ಪದ್ಧತಿಯೂ, ಅದನ್ನು ಮರುಪರಿಶೀಲಿಸುವ ಸಮಿತಿಯೂ ಇವೆ. ಒಬ್ಬ ಕಳ್ಳನ ಮನೆಯನ್ನು ವಾರಂಟು ತಂದು ಶೋಧಿಸುವದು ಬೇರೆ. ಊರಿನ ಎಲ್ಲ ಮನೆಗಳ ಬಾಗಿಲನ್ನೂ ತೆಗೆದಿಡಿಸುವದು ಬೇರೆ.

ಆದುದರಿಂದ ನಮ್ಮ ಬೇಡಿಕೆಗಳು ಇಷ್ಟೇ. ಪತ್ರದ ಒಳಗನ್ನು ಓದುವ ಪ್ರತಿಯೊಂದು ಸೌಕರ್ಯವೂ ನಮ್ಮ ದೇಶದಲ್ಲಿಯೂ ಮೊದಲಿಗೆ ಮುಚ್ಚಿರಲಿ, ಬೇಕಾದವರು ತೆರೆದುಕೊಳ್ಳಲಿ. ಸಮ್ಮತಿಯ ಮಾತು ಸಾಮಾನ್ಯನಿಗೆ ತಿಳಿಯುವ ಕನ್ನಡದಲ್ಲಿ, ಒಂದೇ ಪುಟದಲ್ಲಿ ಇರಲಿ. ಒಪ್ಪದವನಿಗೆ ಪತ್ರ ಕಳಿಸುವ ಸೌಕರ್ಯವು ತಪ್ಪದಿರಲಿ. ಪತ್ರ ಕಳಿಸಿದವನಿಗೂ ಅದರ ಮೇಲೆ ಹಕ್ಕಿದೆಯೆಂದು ಕಾಯದೆಯು ಸ್ಪಷ್ಟವಾಗಿ ಒಪ್ಪಲಿ. ತಾಲೂಕಿನ ಕಚೇರಿಗಳು ಜನರಿಂದ ಕಾಗದಪತ್ರಗಳನ್ನು ಖಾಸಗಿ ಕಂಪನಿಯ ವಿಳಾಸಕ್ಕೆ ತರಿಸಿಕೊಳ್ಳದೆ ಸರಕಾರದ ವಿಳಾಸಕ್ಕೇ ತರಿಸಿಕೊಳ್ಳಲಿ.

ನಾಲ್ಕೂ ತಾಲೂಕುಗಳ ವಕೀಲರೂ, ವರ್ತಕರೂ, ಶಿಕ್ಷಕರೂ ತಮ್ಮ ತಮ್ಮ ಸಂಘಗಳಲ್ಲಿ ಈ ವಿಷಯವನ್ನು ಚರ್ಚಿಸಿ ಠರಾವು ಮಾಡಿ ನಮ್ಮ ಲೋಕಸಭಾ ಸದಸ್ಯರಿಗೂ ಕೇಂದ್ರ ಸರಕಾರಕ್ಕೂ ಕಳಿಸಬೇಕೆಂದು ನಾವು ವಿನಂತಿಸುತ್ತೇವೆ. ಅದಕ್ಕೂ ಮೊದಲು ಪ್ರತಿಯೊಬ್ಬ ವಾಚಕರೂ ಇಂದು ಸಂಜೆಯೇ ತಮ್ಮ ಫೋನನ್ನು ತೆಗೆದು, ಇ-ಮೇಲಿನ ಸೆಟ್ಟಿಂಗಿನೊಳಗೆ ಹೋಗಿ, ತಮ್ಮ ಹೆಸರಿನಲ್ಲಿ ಯಾವ ಯಾವದಕ್ಕೆ ಒಪ್ಪಿಗೆಯಾಗಿದೆಯೆಂದು ನೋಡಲಿ, ಬೇಡವಾದದ್ದನ್ನು ಮುಚ್ಚಲಿ, ಮನೆಯ ಹಿರಿಯರ ಫೋನನ್ನೂ ನೋಡಿಕೊಡಲಿ. ಠರಾವಿಗೆ ಉತ್ತರ ಬರುವದು ತಡವಾದೀತು. ಈ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.